ಒಂದೇ ಗೋಡೆಯ ಎರಡು ಮನೆ

ಚಿತ್ರದುರ್ಗ ಜಿಲ್ಲೆಯಲ್ಲಿ ಕಂದಾಯ ಇಲಾಖೆಗೆ ಸೇರಿದವರು ಮೊದಲು ಕಲಿಯುವುದು ಬರದ ಕೆಲಸ. ಟ್ಯಾಂಕರ್ ಯಾವ ಊರಿಗೆ ಹೋಯಿತು, ಗೋಶಾಲೆಗೆ ಮೇವು ಬಂತೇ, ಕೊರೆಸಿದ ಬೋರಿನಲ್ಲಿ ನೀರು ಬಿತ್ತೇ ಎಂದು ನೋಡುವುದೇ ನಮ್ಮ ಬದುಕು. ಭರಮಸಾಗರದಲ್ಲಿ ಗ್ರಾಮ ಲೆಕ್ಕಾಧಿಕಾರಿಯಾಗಿ ಶುರುಮಾಡಿ, ಹೊಸದುರ್ಗದಲ್ಲಿ ಕೆಲವು ಕಾಲ ಇದ್ದು, ಕೊನೆಗೆ ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಗೆ ಕಂದಾಯ ನಿರೀಕ್ಷಕಿಯಾಗಿ ಬರುವವರೆಗೂ ನಾನು ಮಾಡಿದ್ದು ಅದನ್ನೇ. ನೆರೆ ಬಂದರೆ ಏನು ಮಾಡಬೇಕು ಎಂದು ನಮಗೆ ಯಾರೂ ಕಲಿಸಿರಲಿಲ್ಲ. ನಮ್ಮ ಸೀಮೆಗೆ ನೆರೆ ಬರುತ್ತದೆ ಎಂದು ಯಾರೂ ಅಂದುಕೊಂಡಿರಲೂ ಇಲ್ಲ.

ಈಗ ಇಲಾಖೆಗೆ ಸೇರುತ್ತಿರುವ ಮಕ್ಕಳು ಹೊಳಲ್ಕೆರೆಯ ನಮ್ಮ ಮನೆಗೆ ಬಂದು ಕೂತಾಗ ನಿಯಮಗಳ ಬಗ್ಗೆ ಕೇಳುತ್ತಾರೆ. ನಿಯಮ ಅವರಿಗೆ ಫೋನಿನಲ್ಲೇ ಸಿಗುತ್ತದೆ. ನಾನು ಚಹಾ ಕೊಟ್ಟು ಧರ್ಮಪುರ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.

ಆ ಊರಿನ ಕೆರೆ ಎಷ್ಟೋ ವರ್ಷ ಒಣಗಿ ಬಿದ್ದಿತ್ತು. ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಂದು ವರ್ಷ ಮಳೆ ಬಿಡದೆ ಹಿಡಿದು ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ನೀರು ನೋಡಲು ನಿಂತಿತು. ಹೆಂಗಸರು ಬಾಗಿನ ಬಿಟ್ಟರು. ಪಂಚಾಯಿತಿ ಕೆಲಸಕ್ಕೆಂದು ಹೋಗಿದ್ದ ನನಗೂ ಅರಿಶಿನ ಕುಂಕುಮ ಕೊಟ್ಟು, "ನಿಮ್ ಕಾಲ್ಗುಣ ಚೆನ್ನಾಗೈತೆ ಮೇಡಮ್ಮ" ಅಂದರು. ನಾನೂ ಹಿಗ್ಗಿದೆ. ಮಳೆ ಮಾತ್ರ ನಿಲ್ಲಲಿಲ್ಲ. ಅದೇ ವಾರ ಒಂದು ನಸುಕಿನಲ್ಲಿ ಕೆರೆ ಏರಿಯ ಒಂದು ಮೂಲೆ ಕಿತ್ತುಕೊಂಡು ನೀರೆಲ್ಲ ಕೆಳಗೇರಿಗೆ ನುಗ್ಗಿತು.

ಕೆಳಗೇರಿಯ ಕೊನೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮಣ್ಣಿನ ಮನೆಗಳಿದ್ದವು. ಎರಡಕ್ಕೂ ನಡುವೆ ಒಂದೇ ಗೋಡೆ. ಒಂದರಲ್ಲಿ ಚಿತ್ತಮ್ಮ, ಇನ್ನೊಂದರಲ್ಲಿ ಗಂಗಮ್ಮ. ಇಬ್ಬರೂ ಗಂಡನನ್ನು ಕಳೆದುಕೊಂಡು ತವರೂರಿಗೆ ಬಂದವರು. ಚಿತ್ತಮ್ಮ ಕುರಿ ಕಾಯುವವರ ಮನೆತನದವಳು, ಗಂಗಮ್ಮ ಲಿಂಗಾಯತರ ಮನೆಯವಳು. ಚಿತ್ತಮ್ಮನಿಗೆ ಕಣ್ಣು ಮಂಜಾಗುತ್ತ ಮಂಜಾಗುತ್ತ ಪೂರ್ತಿ ಹೋಗಿತ್ತು. ಗಂಗಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆ ನಸುಕಿನಲ್ಲಿ ನೀರು ಬಂದದ್ದು ಮೊದಲು ಗೊತ್ತಾದದ್ದು ಚಿತ್ತಮ್ಮನಿಗೆ. "ನೀರು ಹರಿಯೋ ಸದ್ದು ಬ್ಯಾರೆ, ನುಗ್ಗೋ ಸದ್ದು ಬ್ಯಾರೆ ಕಣಮ್ಮ" ಎಂದು ಆಮೇಲೆ ನನಗೆ ಹೇಳಿದಳು. ಕೂಗಿದರೆ ಗಂಗಮ್ಮನಿಗೆ ಕೇಳುವುದಿಲ್ಲ. ಬಾಗಿಲು ಹುಡುಕಿಕೊಂಡು ಹೋಗಲು ಹೊತ್ತಿಲ್ಲ. ಮೂಲೆಯಲ್ಲಿದ್ದ ಒನಕೆ ತೆಗೆದುಕೊಂಡು ನಡುಗೋಡೆಗೆ ಗುದ್ದತೊಡಗಿದಳು. ಗಂಗಮ್ಮನ ಮಂಚ ಆ ಗೋಡೆಗೇ ತಾಗಿತ್ತು. ಗೋಡೆ ಅದುರಿದ್ದು ಮೈಗೆ ತಾಗಿ ಎದ್ದಳು. ಕಾಲಿಟ್ಟರೆ ನೆಲದ ಮೇಲೆ ನೀರು. ಓಡಿ ಬಂದು ಚಿತ್ತಮ್ಮನ ಕೈ ಹಿಡಿದು ಎಳೆದುಕೊಂಡು, ಕೇರಿಯುದ್ದಕ್ಕೂ ಕೂಗುತ್ತ ದಿಣ್ಣೆಯ ಮೇಲಿನ ಶಾಲೆಯ ಕಡೆ ನಡೆದಳು. ತನ್ನ ದನಿ ತನಗೇ ಕೇಳದವರ ಕೂಗು ಬಲು ದೊಡ್ಡದು. ಕೇರಿಯೆಲ್ಲ ಎದ್ದಿತು. ಮನೆಗಳು ಒಂದೊಂದಾಗಿ ಕುಸಿದವು. ಜನ ಮಾತ್ರ ಎಲ್ಲರೂ ಉಳಿದರು.

ನಾನು ಹೋಗುವ ಹೊತ್ತಿಗೆ ಶಾಲೆಯ ಕೋಣೆಗಳು ತುಂಬಿದ್ದವು. ನಮ್ಮ ತಹಶೀಲ್ದಾರರು ಚಿಕ್ಕ ವಯಸ್ಸಿನವರು. ಕೈ ಶುದ್ಧ, ಮಾತು ಬಿರುಸು. ಮಧ್ಯಾಹ್ನದೊಳಗೆ ಅಡುಗೆಯವರನ್ನು ಕರೆಸಿ ಗಂಜಿ ಕೇಂದ್ರ ತೆರೆದರು. ಅದನ್ನು ನಾನು ಯಾವತ್ತೂ ಮೆಚ್ಚುತ್ತೇನೆ. ಆದರೆ ಅವರಿಗೆ ಎಲ್ಲವೂ ಸಾಲಾಗಿ ನಿಲ್ಲಬೇಕು. ಶಾಲೆಯ ಒಳಗೆ ಇರುವವರೇ ಸಂತ್ರಸ್ತರು ಎಂದು ಅವರ ಲೆಕ್ಕ.

ಕಾಂಪೌಂಡಿನ ಹೊರಗೆ, ಮಳೆಯಲ್ಲಿ, ತಾಡಪಾಲಿನ ಕೆಳಗೆ ಕ್ಯಾತಣ್ಣ ಕೂತಿದ್ದ. ಚಿತ್ತಮ್ಮನ ಅಣ್ಣನ ಮಗ. ಕುರಿಹಟ್ಟಿಯಲ್ಲಿದ್ದ ಅವನ ಗುಡಿಸಲು ಹೋಗಿತ್ತು, ಅರ್ಧ ಹಿಂಡು ಕೊಚ್ಚಿಕೊಂಡು ಹೋಗಿತ್ತು. ಉಳಿದ ಕುರಿಗಳನ್ನು ಒತ್ತಾಗಿ ನಿಲ್ಲಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಅಲ್ಲೇ ಇದ್ದ.

"ಒಳಗೆ ಬಾರಪ್ಪ, ನೆನೀತಿದ್ದೀಯಲ್ಲ" ಅಂದೆ.

"ಕುರಿ ಒಳಗೆ ಬಿಡಲ್ಲ ಅಂದ್ರು ಮೇಡಮ್ಮ. ಇವನ್ನ ಬಿಟ್ಟು ನಾನೆಂಗೆ ಬರ್ಲಿ? ನಸುಕಲ್ಲಿ ಅರ್ಧ ಹೋದ್ವು. ನಾನು ಎದ್ದು ಹೋದ್ರೆ ಇವೂ ಹೆದರ್ತವೆ."

ತಹಶೀಲ್ದಾರರಿಗೆ ಹೇಳಿದೆ. ಅವರು ಸಿಡುಕಿದರು. "ಮೇಡಂ, ಮಕ್ಕಳು ಮಲಗೋ ಜಾಗಕ್ಕೆ ಕುರಿ ತರಕ್ಕಾಗುತ್ತಾ?"

"ಒಳಗೆ ಬೇಡ ಸಾರ್. ಹಿಂದೆ ಸೈಕಲ್ ನಿಲ್ಲಿಸೋ ಚಪ್ಪರ ಇದೆ. ಅಲ್ಲಿ ಕಟ್ಟಿಕೊಳ್ಳಲಿ. ಅವರೂ ಮನೆ ಕಳೆದುಕೊಂಡವರೇ. ಗೋಡೆಯ ಆಚೆ ಕೂತಿದ್ದಾರೆ ಅಂತ ನಮ್ಮ ಲೆಕ್ಕದಿಂದ ಆಚೆ ಹೋಗಬಾರದು."

ಅವರು ಕೊಡೆ ತೆಗೆದುಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ಕ್ಯಾತಣ್ಣ ಕುರಿಗಳನ್ನು ಚಪ್ಪರಕ್ಕೆ ಹೊಡೆಯುತ್ತಿದ್ದಾನೆ, ನಮ್ಮ ಸಾಹೇಬರು ಒಂದು ಮರಿಯನ್ನು ಎತ್ತಿಕೊಂಡು ಹೇಗೆ ಹಿಡಿಯಬೇಕೆಂದು ತಿಳಿಯದೆ ಹಿಂದೆ ಬರುತ್ತಿದ್ದಾರೆ. ಅವತ್ತಿನಿಂದ ಅವರ ಸಿಡುಕು ನನಗೆ ಅಷ್ಟಾಗಿ ನಾಟಲಿಲ್ಲ.

ಗಂಜಿ ಕೇಂದ್ರದಲ್ಲಿ ಇನ್ನೊಬ್ಬರ ಚಿಂತೆ ಹತ್ತಿತು. ರುದ್ರಪ್ಪನವರು, ಗಂಗಮ್ಮನ ತಮ್ಮ. ಕೆಳಗೇರಿಯ ಮೊದಲಲ್ಲಿ ಅವರ ಮನೆ, ಮನೆಯ ಮುಂದೆ ಕಿರಾಣಿ ಅಂಗಡಿ. ಶೇಂಗಾ ವ್ಯಾಪಾರವೂ ಇತ್ತು. ಮನೆ, ಅಂಗಡಿ, ಮೂಟೆ ಎಲ್ಲ ಹೋಗಿತ್ತು. ಆ ಮನುಷ್ಯ ಊಟದ ಸಾಲಿಗೆ ಬರುತ್ತಿರಲಿಲ್ಲ. ಹೆಂಡತಿ ತಟ್ಟೆ ಹಿಡಿದುಕೊಂಡು ಹೋದರೆ "ಹಸಿವಿಲ್ಲ" ಅನ್ನುತ್ತಿದ್ದರು. ಕಂಬಕ್ಕೆ ಒರಗಿ ಕೂತು ಕೆರೆಯ ಕಡೆ ನೋಡುವುದು ಅಷ್ಟೇ. ಎಷ್ಟೋ ಮನೆಗಳಿಗೆ ಅಕ್ಕಿ ಬೇಳೆ ಅಳೆದುಕೊಟ್ಟ ಕೈ ತಟ್ಟೆ ಹಿಡಿಯಲು ಒಪ್ಪುತ್ತಿರಲಿಲ್ಲ.

ಮಾರನೇ ದಿನ ನಾನು ಅವರ ಹತ್ತಿರ ಹೋಗಿ, "ರುದ್ರಪ್ಪನೋರೆ, ಬಡಿಸೋರು ಸಾಲ್ತಾ ಇಲ್ಲ. ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ಆಗಿ ಗಲಾಟೆ ಆಗ್ತಿದೆ. ನೀವು ನಿಂತರೆ ಚೆನ್ನಾಗಿತ್ತು" ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಗೊತ್ತಾಗಿತ್ತು. ಆದರೂ ಎದ್ದು ಪಂಚೆ ಎತ್ತಿ ಕಟ್ಟಿದರು. ಸೌಟು ಕೈಗೆ ಬಂದ ಮೇಲೆ ದನಿಯೂ ಬಂತು. "ಲೇ, ಇದೇನು ಅನ್ನ ಅನ್ನ ಅಂತ ಮೂರು ಹೊತ್ತೂ ಹಾಕ್ತೀರಿ? ನಮ್ ಜನಕ್ಕೆ ಒಂದು ಹೊತ್ತಾದ್ರೂ ಮುದ್ದೆ ಬ್ಯಾಡ್ವಾ? ರಾಗಿಹಿಟ್ಟು ತರಿಸ್ರಿ!" ಎಂದು ಅಡುಗೆಯವರನ್ನು ಗದರಿದರು. ಸಂಜೆ ಮುದ್ದೆಯಾಯಿತು. ಮುದುಕರ ಮುಖದಲ್ಲಿ ಕಳೆ ಬಂತು. ಎಲ್ಲರದ್ದೂ ಆದ ಮೇಲೆ ರುದ್ರಪ್ಪನವರು ಅಡುಗೆಯವರ ಪಕ್ಕ ಕೂತು ಉಂಡರು. ಅವರ ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತೆ ಬಂದೆ.

ಆಮೇಲೆ ಬಿದ್ದ ಮನೆಗಳ ಸರ್ವೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೇಪು ಹಿಡಿದು ಅಳೆದು ಮಹಜರು ಬರೆಯುತ್ತಿದ್ದೆವು. ಈಗ ಫೋನಿನ ಆಪ್. ಮನೆಯ ಮುಂದೆ ಮಾಲೀಕರನ್ನು ನಿಲ್ಲಿಸಿ ಫೋಟೋ ತೆಗೆಯಬೇಕು. ಕ್ಯಾತಣ್ಣನ ಗುಡಿಸಲಿದ್ದಲ್ಲಿ ಬರೀ ಕೆಸರು. ಆಪ್ ಮನೆಯ ಮುಂಭಾಗ ತೋರಿಸು ಅನ್ನುತ್ತದೆ. ಅವನು ಕೆಸರಿನಲ್ಲಿ ನಿಂತು, "ಇಲ್ಲಿತ್ತು ಬಾಗ್ಲು. ಇಲ್ಲೇ ನಿಂತ್ಕತೀನಿ, ತೆಗೀರಿ" ಅಂದ. ತೆಗೆದೆ. ಅದು ಎರಡು ಸಲ ತಿರಸ್ಕೃತವಾಗಿ ಬಂತು. ಕೊನೆಗೆ ತಹಶೀಲ್ದಾರರನ್ನೇ ಕರೆದುಕೊಂಡು ಹೋಗಿ ಆ ಕೆಸರನ್ನು ತೋರಿಸಿದೆ. ಅವರು ಜಿಲ್ಲಾ ಕಚೇರಿಗೆ ಮಾತಾಡಿ ಕುರಿಹಟ್ಟಿಯವರನ್ನೂ ಮನೆ ಪಡೆಯುವವರಲ್ಲಿ ಸೇರಿಸಿದರು. ಹೊಸಬರಿಗೆ ನಾನು ಹೇಳುವುದಿಷ್ಟೆ: ಏನೂ ಉಳಿಯದವರ ಬಳಿ ತೋರಿಸಲಿಕ್ಕೂ ಏನೂ ಇರುವುದಿಲ್ಲ. ಅವರ ಪರವಾಗಿ ನೀವೇ ನಡೆದು ಹೋಗಬೇಕು.

ಹೊಸ ಮನೆಗಳಿಗೆ ರಸ್ತೆ ಬದಿಯ ದಿಣ್ಣೆಯ ಗೋಮಾಳ ಗೊತ್ತಾಯಿತು. ಅದು ಕ್ಯಾತಣ್ಣನವರ ಕುರಿ ಮೇಯುವ ಜಾಗ. "ನಮಗೆ ಮನೆ ಕೊಟ್ಟು ಕುರಿಗೆ ದಾರಿ ಮುಚ್ಚಿದ್ರೆ ನಾವೇನು ಮನೆ ಉಣ್ಣಾಣಾ?" ಎಂದು ಅವನು ಕೇಳಿದ. ಒಂದು ಅಂಚಿನಲ್ಲಿ ಕುರಿ ಹಾಯಲು ಅಗಲವಾದ ದಾರಿ ಬಿಟ್ಟು ನಕ್ಷೆ ತಿದ್ದಿಸಿದೆವು. ಇಷ್ಟಾದರೆ ಮುಗಿಯಿತು ಎಂದುಕೊಂಡೆ. ನಿಜವಾದ ತಕರಾರು ಶುರುವಾದದ್ದೇ ಆಗ, ಯಾರಿಗೆ ಯಾವ ಮನೆ ಎಂಬಲ್ಲಿ.

ತಹಶೀಲ್ದಾರರು ಶಾಲೆಯ ಜಗಲಿಯಲ್ಲಿ ಸಭೆ ಕರೆದು ಚೀಟಿ ಎತ್ತುವುದು ಅಂದರು. ಅದಕ್ಕೆ ಅವರಿಗೆ ಕಾರಣವಿತ್ತು. ಹಿಂದೆ ಕೆಲಸ ಮಾಡಿದ ಕಡೆ ಒಳ್ಳೆಯ ಮನಸ್ಸಿನಿಂದಲೇ ಒಬ್ಬರಿಗೆ ಅನುಕೂಲ ಮಾಡಿಕೊಡಲು ಹೋಗಿ ಲಂಚ ತಿಂದರೆಂಬ ಅಪವಾದ ಹೊತ್ತಿದ್ದರಂತೆ. "ಚೀಟಿ ಎತ್ತಿದರೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ಎಲ್ಲರಿಗೂ ಒಂದೇ ನ್ಯಾಯ" ಅಂದರು. ಜನ ತಲೆ ಆಡಿಸಿದರು.

ರುದ್ರಪ್ಪನವರು ಎದ್ದರು. "ಸಾಹೇಬ್ರೆ, ಚೀಟೀಲಿ ನನಗೆ ಹಿಂದಿನ ಸಾಲು ಬಂದ್ರೆ ಅಂಗಡಿ ಯಾರ ಮುಂದೆ ಇಟ್ಕಳ್ಲಿ? ನನಗೆ ರಸ್ತೆ ಬದಿ ಬೇಕು. ನಮ್ಮಕ್ಕನೂ ನಮ್ ಮಗ್ಗುಲಲ್ಲೇ ಇರ್ಲಿ. ವಯಸ್ಸಾಗೈತೆ, ಕಿವಿ ಇಲ್ಲ."

ಕ್ಯಾತಣ್ಣ ಎದ್ದ. "ನಮಗೆ ರಸ್ತೆ ಬ್ಯಾಡ. ಲಾರಿಗೆ ಕುರಿ ಸಿಕ್ಕಿಬಿಡ್ತವೆ. ಅಂಚಿಗೆ ಕೊಡ್ರಿ. ನಮ್ಮತ್ತೇನೂ ನಮ್ ಜತೆ ಅಂಚಿಗೆ ಬರ್ಲಿ. ಕಣ್ಣಿಲ್ಲದೋಳು, ನಾವೇ ನೋಡ್ಕಬೇಕು."

ಇಬ್ಬರದ್ದೂ ಅಕ್ಕರೆಯೇ. ಒಬ್ಬ ಅಕ್ಕನನ್ನು ರಸ್ತೆಗೆ ಎಳೆದ, ಇನ್ನೊಬ್ಬ ಅತ್ತೆಯನ್ನು ಅಂಚಿಗೆ ಎಳೆದ. ತಹಶೀಲ್ದಾರರಿಗೆ ರೇಗಿತು. "ನೋಡಿದಿರಾ ಮೇಡಂ? ಅದಕ್ಕೇ ಚೀಟಿ ಅಂದದ್ದು."

ಆ ಇಬ್ಬರು ಹೆಂಗಸರು ಜಗಲಿಯ ಕೊನೆಯಲ್ಲಿ ಒಂದೇ ಗೋಣಿಚೀಲದ ಮೇಲೆ ಕೂತಿದ್ದರು. ಚಿತ್ತಮ್ಮನ ಬೆರಳು ಗಂಗಮ್ಮನ ಅಂಗೈ ಮೇಲೆ ಓಡಾಡುತ್ತಿತ್ತು. ಸಭೆಯಲ್ಲಿ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದಾಳೆ ಎಂಬುದು ನನಗೆ ತಡವಾಗಿ ತಿಳಿಯಿತು. ಗೀರಿದರೆ ಒಂದು ಅರ್ಥ, ತಟ್ಟಿದರೆ ಒಂದು, ಹಿಸುಕಿದರೆ ಇನ್ನೊಂದು. ಎಷ್ಟೋ ವರ್ಷಗಳಲ್ಲಿ ಅವರಿಬ್ಬರೇ ಕಟ್ಟಿಕೊಂಡ ಭಾಷೆ. ಗಂಗಮ್ಮ ಕಣ್ಣಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳುವಳು, ಚಿತ್ತಮ್ಮ ಕಿವಿಯಲ್ಲಿ ಕೇಳಿದ್ದನ್ನು ಬೆರಳಲ್ಲಿ ಹೇಳುವಳು.

"ಸಾರ್, ಅವರನ್ನೇ ಒಂದು ಮಾತು ಕೇಳೋಣ" ಅಂದೆ.

ಚಿತ್ತಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. "ಕೇಳ್ರಿ. ಆವಾಗಿಂದ ಯಾರೂ ಕೇಳ್ಲಿಲ್ಲ. ನಮ್ ಕ್ಯಾತ ಒಳ್ಳೇನು ಸಾಹೇಬ್ರೆ. ಬೆಳಗ್ಗೆ ಕುರಿ ಹಿಂದೆ ಹೋದ್ರೆ ಹೊತ್ತು ಮುಳುಗಿದ ಮ್ಯಾಲೆ ಬತ್ತಾನೆ. ಅಲ್ಲೀಗಂಟ ನಾನು ಯಾರ ಕೈ ಹಿಡೀಲಿ? ಒಲೆ ಉರೀತೈತೋ ಇಲ್ವೋ ಈಯಮ್ಮನೇ ನೋಡಿ ಹೇಳ್ಬೇಕು. ಯಾರಾದ್ರೂ ಬಾಗ್ಲು ಬಡಿದ್ರೆ ಈಯಮ್ಮಂಗೆ ನಾನು ಹೇಳ್ಬೇಕು. ನೀವು ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಡ್ತೀರಿ. ನಾವಿಬ್ರೂ ಸೇರಿದ್ರೇನೇ ಒಬ್ರು ಕಣಪ್ಪ."

ಅಷ್ಟು ಹೇಳಿ ಗಂಗಮ್ಮನ ಅಂಗೈಯನ್ನು ಒಮ್ಮೆ ಹಿಸುಕಿದಳು. ಗಂಗಮ್ಮ ತಟ್ಟನೆ ಎದ್ದು, ಊರಿಗೆಲ್ಲ ಕೇಳುವಂತೆ, "ನಾನೂ ಅಲ್ಲೇ!" ಅಂದಳು. ಜನ ನಕ್ಕರು. ರುದ್ರಪ್ಪನವರು ನಗಲಿಲ್ಲ.

"ಹಂಗಾದ್ರೆ ನಮ್ಮಕ್ಕ ತಮ್ಮನ್ನ ಬಿಟ್ಟು ಕಂಡೋರ ಮಗ್ಗುಲಲ್ಲಿ ಇರ್ಬೇಕಾ? ಊರು ನನಗೆ ಏನನ್ನುತ್ತೆ?" ಅಂದರು. ಮುಖ ಕೆಂಪಾಗಿತ್ತು. ಸಭೆಯಿಂದ ಎದ್ದೇ ಹೋದರು. ಅವರ ನೋವು ನನಗೆ ಅರ್ಥವಾಯಿತು. ಮನೆ ಹೋಯಿತು, ಅಂಗಡಿ ಹೋಯಿತು. ಅಕ್ಕನನ್ನು ನೋಡಿಕೊಳ್ಳುವ ತಮ್ಮ ಎಂಬ ಹೆಸರಾದರೂ ಉಳಿಯಲಿ ಎಂದು ಅವರಿಗೆ.

ತಹಶೀಲ್ದಾರರು ನನ್ನನ್ನು ಪಕ್ಕಕ್ಕೆ ಕರೆದರು. "ಇವರಿಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಮೇಡಂ."

"ಎಲ್ಲರನ್ನೂ ಕೇಳೋಣ ಸಾರ್. ರುದ್ರಪ್ಪನಿಗೆ ಬೇಕಾದ್ದು ಕ್ಯಾತಣ್ಣನಿಗೆ ಬೇಡ. ಕ್ಯಾತಣ್ಣನಿಗೆ ಬೇಕಾದ್ದು ರುದ್ರಪ್ಪನಿಗೆ ಬೇಡ. ಮೊದಲು ಯಾರಿಗೆ ಏನು ಬೇಕು ಅಂತ ಗೊತ್ತಾಗಲಿ. ತಕರಾರು ಉಳಿದ ಕಡೆ ಮಾತ್ರ ಚೀಟಿ ಎತ್ತೋಣ, ಎಲ್ಲರ ಮುಂದೆ."

ಅವರು ಒಪ್ಪಿದ್ದು ನನ್ನ ಮಾತಿಗಲ್ಲ ಎಂದು ನನಗೆ ಗೊತ್ತು. ಮಾತಾಡುವಾಗಲೂ ಅವರ ಕಣ್ಣು ಆ ಗೋಣಿಚೀಲದ ಕಡೆಗೇ ಇತ್ತು.

ಮನೆಮನೆಯವರನ್ನು ಕೂರಿಸಿಕೊಂಡು ಕೇಳಿದೆವು. ರಸ್ತೆ ಬದಿಗೆ ಕೆಲವರು, ಅಂಚಿಗೆ ಕುರಿಯವರು, ನಡುವೆ ಉಳಿದವರು. ಯಾರ ಮಗ್ಗುಲು ಯಾರು ಎಂದು ಅವರೇ ಹೇಳಿದರು. ಹಳೆಯ ಜಗಳವಿದ್ದವರು ದೂರ ಸರಿದುಕೊಂಡರು. ರಸ್ತೆ ಬದಿಗೆ ಮಾತ್ರ ಕೇಳಿದವರು ಹೆಚ್ಚಾಗಿ ಚೀಟಿ ಎತ್ತಬೇಕಾಯಿತು. ರುದ್ರಪ್ಪನವರಿಗೆ ರಸ್ತೆಯ ಮನೆ ಬಂತು. ಬರದವರು ಕೆಲವು ದಿನ ನಮ್ಮ ಮೇಲೆ ಮುನಿಸಿಕೊಂಡರು. ಎಲ್ಲರಿಗೂ ಸಮಾಧಾನವಾಯಿತು ಎಂದು ನಾನು ಬರೆಯಲಾರೆ. ಆದರೆ ಯಾಕೆ ಹಾಗಾಯಿತು ಎಂಬುದು ಎಲ್ಲರಿಗೂ ಗೊತ್ತಿತ್ತು.

ಚಿತ್ತಮ್ಮ ಗಂಗಮ್ಮ ನಡುಸಾಲನ್ನು ಕೇಳಿದರು. ತಮ್ಮನ ಅಂಗಡಿಗೂ ಸೋದರಳಿಯನ ಹಟ್ಟಿಗೂ ಸಮ ದೂರ. ಮೊದಲಿನಂತೆ ನಡುವೆ ಒಂದೇ ಗೋಡೆಯೂ ಬೇಕು ಅಂದರು. ಆದರೆ ಮನೆ ನಕ್ಷೆಯಲ್ಲಿ ಒಂದೊಂದು ಮನೆಯೂ ಬಿಡಿಬಿಡಿ, ನಡುವೆ ಖಾಲಿ ಜಾಗ. ಎಂಜಿನಿಯರು ಹಾಗೆ ಕೂಡಿಸಿ ಕಟ್ಟಲು ಬರುವುದಿಲ್ಲ ಅಂದರು. ತಹಶೀಲ್ದಾರರು ಮೊದಲು ಸಿಡುಕಿದರು, ಆಮೇಲೆ ಕೂತು ಮಾತಾಡಿದರು, ಮತ್ತೆ ಮತ್ತೆ ಮಾತಾಡಿದರು. ಕೊನೆಗೆ ಆ ಬಡಾವಣೆಯಲ್ಲಿ ಅವೆರಡು ಮನೆಗಳನ್ನು ಮಾತ್ರ ಒಂದೇ ಗೋಡೆಗೆ ಕಟ್ಟಿದರು.

ಗೃಹಪ್ರವೇಶದ ದಿನ ರುದ್ರಪ್ಪನವರು ಅಕ್ಕನ ಮನೆಗೆ ಬರಲಿಲ್ಲ. ಹೆಂಡತಿಯ ಕೈಯಲ್ಲಿ ಸಕ್ಕರೆ, ಕಾಯಿ ಕಳಿಸಿದರು. ಗಂಗಮ್ಮ ಹಾಲು ಉಕ್ಕಿಸುವಾಗ ಬಾಗಿಲ ಕಡೆ ನೋಡಿ ನೋಡಿ ಸೋತಳು.

ಅದಾಗಿ ಸ್ವಲ್ಪ ದಿನಕ್ಕೆ ತಹಶೀಲ್ದಾರರಿಗೆ ವರ್ಗವಾಯಿತು, ನನಗೆ ನಿವೃತ್ತಿಯಾಯಿತು. ಕ್ಯಾತಣ್ಣ ಆಗಾಗ ಫೋನ್ ಮಾಡುತ್ತಿದ್ದ. ಒಂದು ಸಲ ಅವನ ದನಿಯಲ್ಲಿ ಬೇಸರವಿತ್ತು. ಹಳೇ ಕೇರಿಯಲ್ಲಿ ಚಿತ್ತಮ್ಮ ಎಲ್ಲಿಗಾದರೂ ಒಬ್ಬಳೇ ಹೋಗಿ ಬರುತ್ತಿದ್ದಳು. ಎಲ್ಲಿ ತಿರುವು, ಎಲ್ಲಿ ಕಟ್ಟೆ, ಎಲ್ಲಿ ಹಳ್ಳ ಎಂದು ಕಾಲಿಗೆ ಗೊತ್ತಿತ್ತು. ಹೊಸ ಬಡಾವಣೆಯಲ್ಲಿ ಎಲ್ಲ ನೇರ, ಎಲ್ಲ ಒಂದೇ ಥರ, ಎಲ್ಲ ಜಲ್ಲಿ. ಗಂಗಮ್ಮ ಜ್ವರ ಬಂದು ಹಿರಿಯೂರಿನ ಆಸ್ಪತ್ರೆಯಲ್ಲಿದ್ದಾಗ ಚಿತ್ತಮ್ಮ ಒಬ್ಬಳೇ ಅಂಗಡಿಗೆಂದು ಹೊರಟು ದಾರಿ ತಪ್ಪಿ, ಯಾರದೋ ಮನೆಯ ಹಿತ್ತಲಲ್ಲಿ ಕುಂತು ಅತ್ತಳಂತೆ. "ಮನೆ ಬಿಟ್ಟು ಹೊರಗೇ ಬರಲ್ಲ ಅಂತಾಳೆ ಮೇಡಮ್ಮ" ಅಂದ. ಅವತ್ತು ನನಗೆ ಊಟ ಸೇರಲಿಲ್ಲ. ಮನೆ ಕೊಟ್ಟೆವು, ಗೋಡೆ ಕೊಟ್ಟೆವು. ದಾರಿಯನ್ನು ಯಾರೂ ಯೋಚಿಸಿರಲಿಲ್ಲ.

ಮನಸ್ಸು ತಡೆಯದೆ ಒಂದು ದಿನ ಬೆಳಗ್ಗೆ ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ, ಹಿರಿಯೂರಿನಲ್ಲಿ ಮತ್ತೆ ಬದಲಿಸಿ, ಧರ್ಮಪುರದ ದಾರಿ ಹಿಡಿದು ಊರು ಸೇರುವಾಗ ಬಿಸಿಲೇರಿತ್ತು. ಗಂಗಮ್ಮ ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಕೈ ಹಿಡಿದು ಕೂರಿಸಿದಳು. ಚಿತ್ತಮ್ಮ ಕಾಣಲಿಲ್ಲ. ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದೆ.

"ಅಂಗಡೀಗೆ ಹೋಗ್ಯಾಳೆ. ಬೆಲ್ಲಕ್ಕೆ!" ಅಂದಳು ಗಂಗಮ್ಮ, ದೊಡ್ಡ ದನಿಯಲ್ಲಿ.

"ಒಬ್ಬಳೇ?" ಎಂದು ಒಂದು ಬೆರಳೆತ್ತಿ ಕೇಳಿದೆ.

ಗಂಗಮ್ಮ ನಕ್ಕು ಅಂಗಳದ ಕಡೆ ಕೈ ತೋರಿಸಿದಳು. ಚಿತ್ತಮ್ಮನ ಹೊಸ್ತಿಲಿನಿಂದ ಶುರುವಾಗಿ, ಜಲ್ಲಿಯ ನಡುವೆ, ನುಣುಪಾದ ಅಗಲ ಚಪ್ಪಡಿಗಳು ಒಂದರ ಪಕ್ಕ ಒಂದು ಹೂತುಕೊಂಡು ಹೋಗಿದ್ದವು. ಎರಡು ಮನೆ ದಾಟಿ, ತಿರುವಿನಲ್ಲಿ ಸ್ವಲ್ಪ ಎತ್ತರಿಸಿಕೊಂಡು, ರಸ್ತೆಯ ಕಡೆಗೆ. ಅಂಥ ಕಲ್ಲು ಆ ಊರಿನಲ್ಲಿ ಇದ್ದದ್ದು ಒಂದೇ ಮನೆಯಲ್ಲಿ. ರುದ್ರಪ್ಪನವರ ಹಳೇ ಮನೆಯ ಪಡಸಾಲೆಯಲ್ಲಿ, ಅವರ ಅಜ್ಜನ ಕಾಲದವು. ಕೆಸರಿನಲ್ಲಿ ಹೂತುಹೋಗಿದ್ದವನ್ನು ಅಗೆದು ತೆಗೆದು ತಾವೇ ನಿಂತು ಹಾಸಿಸಿದರಂತೆ. ಎದುರಿಗೆ ಹೋಗಿ ಕೇಳಿದವರಿಗೆ, "ಅಂಗಡಿಗೆ ಗಿರಾಕಿ ಬರಬೇಕಲ್ಲ" ಎಂದು ಮುಖ ಗಂಟು ಹಾಕಿದರಂತೆ.

ಆ ಹೊತ್ತಿಗೆ ಚಿತ್ತಮ್ಮ ಬಂದಳು. ಬರಿಗಾಲು, ಸೆರಗಿನಲ್ಲಿ ಬೆಲ್ಲದ ಪೊಟ್ಟಣ. ಕೋಲು ಕಂಕುಳಲ್ಲೇ ಇತ್ತು. ಅವಸರವಿಲ್ಲದೆ, ಯಾರಿಗೂ ಕೈ ಚಾಚದೆ, ತನ್ನ ಊರಿನಲ್ಲಿ ತಾನು ನಡೆದುಕೊಂಡು ಬಂದಳು.

ಅವಳು ಒಳಗೆ ಹೋದ ಮೇಲೆ ನಾನು ಚಪ್ಪಲಿ ಬಿಟ್ಟು ಮೊದಲ ಕಲ್ಲಿನ ಮೇಲೆ ನಿಂತೆ. ಗಂಗಮ್ಮ ನೋಡುತ್ತಿದ್ದಳು, ನಾಚಿಕೆಯಾಯಿತು, ಆದರೂ ಕಣ್ಣು ಮುಚ್ಚಿದೆ. ಬಿಸಿಲಿಗೆ ಕಾದ ಕಲ್ಲು ಅಂಗಾಲಿಗೆ ಬೆಚ್ಚಗಿತ್ತು. ಒಂದಾದ ಮೇಲೆ ಒಂದು ಸಿಗುತ್ತಲೇ ಹೋಯಿತು. ತಿರುವಿನಲ್ಲಿ ಎತ್ತರದ ಕಲ್ಲು ಕಾಲಿಗೆ ತಾಗಿತು, ತಿರುಗಿದೆ. ಲಾರಿಯ ಸದ್ದು ಹತ್ತಿರವಾಯಿತು, ಒಣಮೆಣಸಿನಕಾಯಿಯ ಘಾಟು ಬಂತು. ಕಲ್ಲುಗಳು ಮುಗಿದಲ್ಲಿ ನಿಂತೆ.

"ಏನ್ ಕೊಡ್ಲಿ ಮೇಡಮ್ಮ?" ಅಂದರು ರುದ್ರಪ್ಪನವರು.